ಬಂದರು, ಬಂದಳು, ಬಂತು

ಕೊಯಮತ್ತೂರಿನ ಪಕ್ಕದ ಪೋತ್ತನೂರಿನ ನಮ್ಮ ಮನೆಯಲ್ಲಿ ಸಂಜೆಯ ಹೊತ್ತು ಬೀದಿ ಬಾಗಿಲು ಮೂರು ಸಲ ಸದ್ದು ಮಾಡುತ್ತಿತ್ತು. ನಡುಮನೆಯ ಮಂಚದ ಮೇಲೆ ಗೋಡೆಗೆ ಒರಗಿ ಕೂತಿರುತ್ತಿದ್ದ ಅವ್ವ, ಅಂದರೆ ನನ್ನ ಅಪ್ಪನ ತಾಯಿ, ಕಣ್ಣು ಬಿಡದೆಯೇ ಪ್ರತಿ ಸಲವೂ ಒಂದೊಂದು ಮಾತು ಹೇಳುತ್ತಿದ್ದಳು. ಅಪ್ಪ ಕುರಿಚಿಯ ಫೌಂಡ್ರಿಯಿಂದ ಬಂದು ಸ್ಕೂಟರನ್ನು ಹೊಸ್ತಿಲು ದಾಟಿಸುವಾಗ ಅಡುಗೆಮನೆಯ ಕಡೆ ಮುಖ ಮಾಡಿ, “ಬಂದರು” ಅನ್ನುವಳು. ಮಗನನ್ನು ಎದುರಿಗೆ ‘ಬಾಡಾ’ ಎಂದು ಕರೆದರೂ ಸೊಸೆಗೆ ತಿಳಿಸುವಾಗ ಬಹುವಚನವೇ. ಅಮ್ಮ ಹಾಲು ತೆಗೆದುಕೊಂಡು ಹಿಂತಿರುಗಿದರೆ, “ಬಂದಳು.” ಏಳೂವರೆ ಸುಮಾರಿಗೆ ತಿರುಪ್ಪೂರಿನ ಪ್ಯಾಸೆಂಜರ್ ರೈಲು ಇಳಿದು ಅಂಬಿಕಾ ಅತ್ತೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗ, “ಬಂತು.” ಅಂಬಿಕಾ ಅತ್ತೆ ಅಪ್ಪನ ತಂಗಿ. ಆಗ ಅವಳಿಗೆ ಮೂವತ್ತಾರು. ಶಾಲೆಯಿಂದ ಬಂದ ನಾನೂ ‘ಬಂತು’ವೇ. ಮನೆಯ ಹೆಣ್ಣುಮಕ್ಕಳನ್ನು ‘ಅದು’ ಅನ್ನುವುದು ನಮ್ಮವರ ರೂಢಿ, ಮುದ್ದಿನ ಮಾತು. ಮದುವೆಯಾಗಿ ಹೋದ ಮೇಲೆ ಮೆಲ್ಲಗೆ ‘ಅವಳು’ ಆಗುತ್ತಾರೆ. ಅತ್ತೆಗೆ ಎರಡು ಸಂಬಂಧಗಳು ತೀರ ಹತ್ತಿರ ಬಂದು ತಪ್ಪಿಹೋಗಿದ್ದವು. ಆಮೇಲೆ ಗಂಡು ನೋಡುವುದು ನಿಂತಿತು, ಅವಳು ತಿರುಪ್ಪೂರಿನ ಒಂದು ಬನಿಯನ್ ಕಂಪನಿಯ ಪ್ಯಾಕಿಂಗ್ ವಿಭಾಗಕ್ಕೆ ಸೇರಿದಳು, ‘ಅದು’ ಹಾಗೇ ಉಳಿಯಿತು.

ಮನೆಯೊಳಗೆ ಕನ್ನಡ, ಹೊಸ್ತಿಲಾಚೆ ತಮಿಳು. ಕನ್ನಡದ ಅಕ್ಷರ ನಮ್ಮ ಮನೆಯಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ, ನಾನು ಕಲಿತದ್ದು ಮೂವತ್ತು ದಾಟಿದ ಮೇಲೆ. ಆದ್ದರಿಂದ ಈಗ ಬರೆಯಲು ಕೂತಾಗ ಯಾರಿಗೆ ಯಾವ ಕ್ರಿಯಾಪದ ಹಾಕಬೇಕೆಂದು ಕೈ ತಡವರಿಸುತ್ತದೆ. ಅತ್ತೆಯನ್ನೇ ಕೇಳಿದೆ. “ಅವರು ಇವರು ಅಂತ ಬರೀಬೇಡ ಕಣ್ಣು, ಸತ್ತೋದೋರ ತರ ಇರುತ್ತೆ” ಅಂದಳು. ‘ಕಣ್ಣು’ ಅವಳು ನನ್ನನ್ನು ಮುದ್ದಿಗೆ ಕರೆಯುವ ಮಾತು. ಹಾಗಾಗಿ ‘ಅವಳು’ ಎಂದೇ ಬರೆಯುತ್ತಿದ್ದೇನೆ. ಅಪ್ಪನಿಗೆ ಮಾತ್ರ ಬಹುವಚನ ಬಿಡಲು ನನಗೆ ಈಗಲೂ ಆಗುತ್ತಿಲ್ಲ.

ಮನೆ ದೊಡ್ಡದಲ್ಲ. ನಡುಮನೆ, ಅದರ ಪಕ್ಕಕ್ಕೆ ಅಪ್ಪ ಅಮ್ಮನ ಕೋಣೆ, ಅದರಾಚೆ ಉದ್ದನೆಯ ಅಡುಗೆಮನೆ, ಹಿಂದೆ ಒಂದು ಜಗಲಿ. ಜಗಲಿಯ ಕೊನೆಗೆ ಬಟ್ಟೆ ಒಗೆಯುವ ಕಲ್ಲು, ಕರಿಬೇವಿನ ಗಿಡ. ಗೂಡ್ಸ್ ರೈಲು ಹಾದುಹೋದರೆ ಅಡುಗೆಮನೆಯ ಶೆಲ್ಫಿನ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ನಡುಗುತ್ತಿದ್ದವು. ಅಪ್ಪ ಫೌಂಡ್ರಿಯ ಡ್ರಾಯಿಂಗ್ ವಿಭಾಗದಲ್ಲಿ ಪಂಪುಗಳ ನಕ್ಷೆ ಬರೆಯುತ್ತಿದ್ದರು. ಮನೆಗೆ ಬಂದ ಮೇಲೂ ಪೆನ್ಸಿಲ್ ಕಿವಿಯ ಹಿಂದೆ ಇರುತ್ತಿತ್ತು. ಮೊದಲು ಅಪ್ಪನ ಊಟ, ಜೊತೆಗೆ ನನ್ನದು. ಅಮ್ಮ ಬಡಿಸುವಳು. ಆಮೇಲೆ ಅವ್ವನಿಗೆ ತಟ್ಟೆ ಮಂಚಕ್ಕೇ ಹೋಗುವುದು. ಅತ್ತೆ ಬಂದು ಕೈಕಾಲು ತೊಳೆದು ಅಡುಗೆಮನೆಯ ನೆಲದ ಮೇಲೆ ಅಮ್ಮನ ಜೊತೆ ಕೂತು ತಿನ್ನುವ ಹೊತ್ತಿಗೆ ಅಕ್ಕಿಬೇಳೆ ಅನ್ನ ತಣ್ಣಗಾಗಿ ಗಟ್ಟಿಯಾಗಿರುತ್ತಿತ್ತು. ಅದಕ್ಕೆ ತುಪ್ಪ ಹಾಕಿ ಕಲಸಿಕೊಳ್ಳುತ್ತ ಇಬ್ಬರೂ ಏನೋ ಮಾತಾಡಿ ನಗುತ್ತಿದ್ದರು. ಅದು ತಪ್ಪು ಎಂದು ಯಾರಿಗೂ ಅನಿಸಿರಲಿಲ್ಲ. ನನಗೂ ಅನಿಸಿರಲಿಲ್ಲ.

ಹನ್ನೊಂದನೇ ತರಗತಿಗೆ ಸೇರುವಾಗ ಅಪ್ಪ ನನ್ನ ಭಾಷೆಯನ್ನು ಬದಲಿಸಿದರು. ಅದುವರೆಗೆ ತಮಿಳು ಓದಿದ್ದವಳಿಗೆ ಫ್ರೆಂಚ್ ಎಂದು ಅರ್ಜಿಯಲ್ಲಿ ಬರೆದರು. ಅವರ ಆಫೀಸಿನಲ್ಲಿ ಯಾರದೋ ಮಗಳು ಹಾಗೆ ಮಾಡಿ ತುಂಬ ಅಂಕ ತೆಗೆದಿದ್ದಳಂತೆ.

“ತಮಿಳಲ್ಲಿ ಎಷ್ಟು ಬರೆದ್ರೂ ಮಾರ್ಕ್ ಹಾಕಲ್ಲ. ಫ್ರೆಂಚ್‌ನಲ್ಲಿ ನಾಲ್ಕು ವಾಕ್ಯ ಸರಿಯಾಗಿ ಬರೆದ್ರೆ ಪೋದುಂ, ಅಷ್ಟು ಸಾಕು,” ಅಂದರು.

“ಅಲ್ಲಿ ಯಾರ ಹತ್ರ ಮಾತಾಡುತ್ತಂತೆ ಅದು?” ಎಂದು ಅವ್ವ ನನ್ನ ಕಡೆ ಕೈ ತೋರಿಸಿದಳು.

“ಮಾತಾಡೋಕಲ್ಲ, ಮಾರ್ಕ್‌ಗೆ.”

ನಮಗೆ ಫ್ರೆಂಚ್ ಹೇಳಿಕೊಡುತ್ತಿದ್ದ ಮಿಸ್ ಪುದುಚೇರಿಯವರು. ತೆಳ್ಳನೆಯ ಧ್ವನಿ, ಇಸ್ತ್ರಿ ಮಾಡಿದ ಕಾಟನ್ ಸೀರೆ. ಮೊದಲ ವಾರವೇ ಒಂದು ಮಾತು ಹೇಳಿದರು: ಯಾವ ನಾಮಪದವನ್ನೂ ಒಂಟಿಯಾಗಿ ಕಲಿಯಬೇಡಿ, ಮುಂದೆ ‘ಲ್’ ಇದೆಯೋ ‘ಲಾ’ ಇದೆಯೋ ಸೇರಿಸಿಯೇ ಬಾಯಿಪಾಠ ಮಾಡಿ. ‘ಲ್’ ಅಂದರೆ ಗಂಡು, ‘ಲಾ’ ಅಂದರೆ ಹೆಣ್ಣು. ಮೇಜು ಹೆಣ್ಣು, ಪುಸ್ತಕ ಗಂಡು. ಬಾಗಿಲು ಹೆಣ್ಣು, ಗೋಡೆ ಗಂಡು. ಯಾಕೆ ಎಂದು ಕೇಳಿದ ಹುಡುಗಿಗೆ ಮಿಸ್, “ಯಾಕೆ ಅಂತ ಇಲ್ಲಮ್ಮ, ಹಾಗೇ” ಅಂದರು. ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಹೆಣ್ಣು ಪದದ ಪಕ್ಕಕ್ಕೆ ಬರುವ ಗುಣವಾಚಕವೂ ಹೆಣ್ಣಾಗಬೇಕು, ಬಹುವಚನವಾದರೆ ಅದೂ ಬಹುವಚನವಾಗಬೇಕು. ಚಿಕ್ಕ ಪುಸ್ತಕದ ಚಿಕ್ಕ ಬೇರೆ, ಚಿಕ್ಕ ಮೇಜಿನ ಚಿಕ್ಕ ಬೇರೆ. ನನಗೆ ತಲೆ ಕೆಟ್ಟುಹೋಯಿತು. ಎರಡು ಭಾಷೆಯಲ್ಲಿ ಬೆಳೆದಿದ್ದರೂ ಕುರ್ಚಿಯನ್ನು ಕೂರುವ ಮುಂಚೆ ಹೆಣ್ಣೋ ಗಂಡೋ ಎಂದು ಯೋಚಿಸಿದವಳಲ್ಲ ನಾನು.

ಆ ಪಟ್ಟಿಗಳನ್ನು ಒಪ್ಪಿಸಿಕೊಳ್ಳಲು ಸಿಕ್ಕವಳು ಅತ್ತೆ. ಭಾನುವಾರ ಮಧ್ಯಾಹ್ನ, ಉಳಿದ ದಿನ ಊಟವಾದ ಮೇಲೆ ಅರ್ಧ ಗಂಟೆ, ಹಿಂದಿನ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಲೋ ಒಗೆದ ಬಟ್ಟೆ ಮಡಿಸುತ್ತಲೋ ನನ್ನ ನೋಟ್‌ಬುಕ್ಕನ್ನು ತೊಡೆಯ ಮೇಲೆ ಇಟ್ಟುಕೊಂಡು ಕೇಳುವಳು. ಹನ್ನೆರಡನೇ ತರಗತಿವರೆಗೆ ತಮಿಳು ಮಾಧ್ಯಮದಲ್ಲಿ ಓದಿದವಳು. ಆದರೆ ಇಂಗ್ಲಿಷ್ ಅಕ್ಷರ ಅವಳ ಕಣ್ಣಿಗೆ ಚೆನ್ನಾಗಿ ಪಳಗಿತ್ತು. ದಿನವಿಡೀ ಅವಳ ಕೈಯಲ್ಲಿ ಓಡಾಡುತ್ತಿದ್ದ ಲೇಬಲ್‌ಗಳಲ್ಲಿ ಅರ್ಧಕ್ಕರ್ಧ ಫ್ರಾನ್ಸಿಗೆ ಹೋಗುವ ಮಾಲಿನವು.

“ಇದು ನಂಗೆ ಗೊತ್ತು!” ಅಂದಳು ಒಂದು ದಿನ, ಪಟ್ಟಿಯ ಮೇಲೆ ಬೆರಳಿಟ್ಟು. “ಷಮೀಜ್. ಗಂಡಸರ ಶರ್ಟ್ ಡಬ್ಬದ ಮೇಲೆಲ್ಲ ಇದೇ ಇರುತ್ತೆ. ಇದು ಗಂಡು ತಾನೆ?”

“ಇಲ್ಲ ಅತ್ತೆ, ಹೆಣ್ಣು. ಹೆಂಗಸರ ಬ್ಲೌಸ್ ಇದೆಯಲ್ಲ, ಅದು ಗಂಡು.”

ನಡುಮನೆಯಿಂದ ಅವ್ವ ಕೂಗಿದಳು. “ಏನಂತೆ? ಶರ್ಟ್ ಹೆಣ್ಣಾ?”

“ಆಮಾ ಅವ್ವಾ. ಮೀಸೆಯೂ ಹೆಣ್ಣೇ ಅಂತೆ.”

ಅವ್ವ ಮಂಚ ಅಲ್ಲಾಡುವಂತೆ ನಕ್ಕಳು. “ಎಲ್ಲಾನೂ ಒಗೆಯೋರು ಯಾರು ಅಂತ ಕೇಳು ನಿಮ್ಮ ಮಿಸ್ಸನ್ನ!”

ಅತ್ತೆಯ ನೆನಪು ನನ್ನದರಂತಲ್ಲ. ಒಂದು ಸಲ ಕೇಳಿದರೆ ಸಾಕು, ಅದು ಅವಳಲ್ಲಿ ಕೂತುಬಿಡುತ್ತಿತ್ತು. ಕೆಲವು ಗುಣವಾಚಕಗಳು ಗಂಡಾಗಿರುವಾಗ ಕೊನೆಯ ಅಕ್ಷರ ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಹೆಣ್ಣಾದಾಗ ಆ ಅಕ್ಷರ ಕೇಳಿಸುತ್ತದೆ. ಚಿಕ್ಕದು ಅನ್ನುವುದಕ್ಕೆ ಗಂಡಾದರೆ ‘ಪ್ತಿ’, ಹೆಣ್ಣಾದರೆ ‘ಪ್ತಿತ್’. ದೊಡ್ಡದಕ್ಕೆ ‘ಗ್ರಾಂ’, ‘ಗ್ರಾಂದ್’. ಅತ್ತೆಗೆ ಇದು ಎಷ್ಟು ಹಿಡಿಸಿತೆಂದರೆ ಬಟ್ಟೆ ಮಡಿಸುತ್ತ, “ಪ್ತಿ, ಪ್ತಿತ್, ಗ್ರಾಂ, ಗ್ರಾಂದ್” ಎಂದು ತನ್ನಷ್ಟಕ್ಕೇ ಹೇಳಿಕೊಳ್ಳುವಳು. ಇನ್ನೊಂದು ದಿನ ನಾನು ಮತ್ತೊಂದು ನಿಯಮ ಓದಿದೆ: ಗುಂಪಿನಲ್ಲಿ ನೂರು ಜನ ಹೆಂಗಸರಿದ್ದು ಒಬ್ಬನೇ ಗಂಡಸಿದ್ದರೂ ಇಡೀ ಗುಂಪು ಗಂಡು. ಅಡುಗೆಮನೆಯ ಬಾಗಿಲಲ್ಲಿ ನಿಂತು ಪಾತ್ರೆ ಒರೆಸುತ್ತಿದ್ದ ಅಮ್ಮ, “ನಮ್ಮನೆ ತರಾನೇ” ಅಂದು ಒಳಗೆ ಹೋದಳು. ಅಮ್ಮ ಕಡಿಮೆ ಮಾತಿನವಳು. ಅವಳು ನಮ್ಮ ಪಾಠ ಕೇಳಿಸಿಕೊಳ್ಳುತ್ತಿದ್ದಾಳೆ ಎಂದೇ ನಾನು ಅಂದುಕೊಂಡಿರಲಿಲ್ಲ.

ಆ ವಾರವೇ ಇರಬೇಕು, ಅತ್ತೆ ಒಂದು ಪ್ರಶ್ನೆ ಕೇಳಿದಳು.

“ಎಲ್ಲಾ ಗಂಡು, ಇಲ್ಲಾಂದ್ರೆ ಹೆಣ್ಣು. ಸರಿ. ನಮ್ಮ ತರ ‘ಅದು’ ಎಲ್ಲಿ ಬರುತ್ತೆ?”

“ಬರಲ್ಲ. ನಾಮಪದದಲ್ಲಿ ಎರಡೇ.”

“ಒಂದೂ ಇಲ್ಲವಾ? ಕಲ್ಲು, ಮಣ್ಣು, ಏನೂ?”

“ಕಲ್ಲು ಹೆಣ್ಣು. ಮಣ್ಣೂ ಹೆಣ್ಣು.”

ಅತ್ತೆ ಮಡಿಸಿದ ಟವೆಲನ್ನೇ ಮತ್ತೆ ಮತ್ತೆ ಸವರಿದಳು. ಆಮೇಲೆ, “ಅಲ್ಲಿ ನಾನು ಹೋದ್ರೆ ‘ಅದು’ ಅನ್ನಾಕಾಗಲ್ಲ, ‘ಅವಳು’ ಅಂತಲೇ ಅನ್ನಬೇಕು” ಅಂದಳು. ನಕ್ಕಳು ಕೂಡ. ಆಗ ನನಗೆ ಅರ್ಥವಾಗಲಿಲ್ಲ, ನಾನೂ ನಕ್ಕೆ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಾನು ಅಪ್ಪ ಅಂದುಕೊಂಡಷ್ಟು ಅಂಕ ತೆಗೆಯಲಿಲ್ಲ. ಉತ್ತರ ಪತ್ರಿಕೆಗೆ ಮನೆಯವರ ಸಹಿ ಹಾಕಿಸಿ ತರಬೇಕಿತ್ತು. ಅಪ್ಪ ಅದನ್ನು ನಕ್ಷೆ ಹಿಡಿದಂತೆ ದೀಪಕ್ಕೆ ಎತ್ತಿ ಹಿಡಿದು, “ಇಲ್ಲೆಲ್ಲ ಕೆಂಪು ಗೀಟು ಇದೆಯಲ್ಲ, ಏನಿದು ತಪ್ಪು?” ಎಂದು ಕೇಳಿದರು. ನಾನು ತಡವರಿಸುತ್ತಿರುವಾಗ ಹಿಂದೆ ನಿಂತಿದ್ದ ಅತ್ತೆ ಬಗ್ಗಿ ನೋಡಿದಳು. “ಮನೆ ಹೆಣ್ಣಲ್ಲವಾ ಕಣ್ಣು, ‘ಗ್ರಾಂದ್’ ಆಗಬೇಕು. ಇಲ್ಲಿ ಕಿಟಕಿಗಳು ಅಂತ ಬಹುವಚನ ಇದೆ, ಕೊನೆಗೆ ‘ಎಸ್’ ಬಿಟ್ಟಿದೀಯ. ಇದನ್ನ ಮಿಸ್ಸೇ ನೋಡಿಲ್ಲ, ಇದೂ ತಪ್ಪೇ” ಎಂದು ಒಂದೊಂದಾಗಿ ತೋರಿಸಿದಳು. ಕೆಡುಕಿನಿಂದಲ್ಲ, ಉತ್ಸಾಹದಿಂದ. ಅಪ್ಪ ಪತ್ರಿಕೆಯಿಂದ ತಲೆ ಎತ್ತಿ ತಂಗಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. “ಫೀಸ್ ಕಟ್ಟಿರೋದು ಯಾರಿಗೆ ಅಂತ ಗೊತ್ತಾಗ್ತಿಲ್ಲ” ಎಂದು ಸಹಿ ಹಾಕಿದರು. ಅವ್ವ ನಕ್ಕಳು. ಹದಿನಾರು ವರ್ಷದ ನನಗೆ ಆ ನಗು ಕಿವಿಯಲ್ಲೇ ಉಳಿಯಿತು. ಮಾರನೆಯ ದಿನದಿಂದ ಜಗಲಿಗೆ ಹೋಗಲಿಲ್ಲ. ನೋಟ್‌ಬುಕ್ ಬ್ಯಾಗಿನಲ್ಲೇ ಇಟ್ಟೆ, ಪಠ್ಯಪುಸ್ತಕವನ್ನು ಶಾಲೆಯ ಗೆಳತಿಗೆ ಕೊಟ್ಟಿದ್ದೇನೆ ಎಂದು ಸುಳ್ಳು ಹೇಳಿದೆ. ಅತ್ತೆ ಎರಡು ಮೂರು ಸಲ, “ಇವತ್ತು ಪಾಠ ಇಲ್ಲವಾ?” ಎಂದು ಕೇಳಿ ಆಮೇಲೆ ಕೇಳುವುದನ್ನು ಬಿಟ್ಟಳು.

ಒಂದು ಗುರುವಾರ ಸಂಜೆ ಅಪ್ಪ ಬಂದು ಷರ್ಟು ಬಿಚ್ಚುವ ಮೊದಲೇ ಅವರ ಫೋನು ಬಡಿಯಿತು. ಅತ್ತೆಯ ಕಂಪನಿಯ ಮ್ಯಾನೇಜರು. ಅಪ್ಪ ತಮಿಳಿನಲ್ಲಿ ಮೊದಮೊದಲು “ಸೊಲ್ಲುಂಗ, ಸೊಲ್ಲುಂಗ”, ಹೇಳಿ ಹೇಳಿ, ಅನ್ನುತ್ತಿದ್ದವರು ಬರಬರುತ್ತ ಸುಮ್ಮನಾಗಿ ಕೇಳತೊಡಗಿದರು. ಆಮೇಲೆ ಫೋನಿನ ಬಾಯಿಗೆ ಅಂಗೈ ಮುಚ್ಚಿ ನನ್ನನ್ನು ಕರೆದರು. ಮಕ್ಕಳ ಫ್ರಾಕುಗಳ ಮಾಲು ಮಾರನೆಯ ದಿನ ಹೊರಡಬೇಕು, ಅದಕ್ಕೆ ನೇತುಹಾಕುವ ಟ್ಯಾಗಿನಲ್ಲಿ ಒಂದು ಅಕ್ಷರ ತಪ್ಪಾಗಿದೆ ಎಂದು ಅತ್ತೆ ಕೆಲಸ ನಿಲ್ಲಿಸಿ ಕೂತಿದ್ದಾಳೆ. ಹಿಂದಿನ ಸಲ ಅದೇ ಕಸೂತಿಯ ಸ್ವೆಟರ್ ಕಳಿಸಿದ್ದರು. ಸ್ವೆಟರ್ ಗಂಡು. ‘ಕೈಯಲ್ಲಿ ಕಸೂತಿ ಹಾಕಿದ್ದು’ ಅನ್ನುವುದಕ್ಕೆ ಅಲ್ಲಿ ‘ಬ್ರೊದೇ’ ಎಂದು ಸರಿಯಾಗಿಯೇ ಇತ್ತು. ಈ ಸಲ ಪ್ರೆಸ್ಸಿನವರು ಸ್ವೆಟರ್ ಅನ್ನುವ ಪದ ತೆಗೆದು ‘ರೋಬ್’ ಎಂದು ಹಾಕಿದ್ದಾರೆ, ಪಕ್ಕದ್ದನ್ನು ಹಾಗೇ ಬಿಟ್ಟಿದ್ದಾರೆ. ರೋಬ್ ಅಂದರೆ ಫ್ರಾಕು, ಅದು ಹೆಣ್ಣು. ಕೊನೆಗೆ ಇನ್ನೊಂದು ‘ಇ’ ಸೇರಬೇಕು. ಉಚ್ಚಾರದಲ್ಲಿ ಏನೂ ವ್ಯತ್ಯಾಸವಿಲ್ಲ, ಬರೆಯುವಾಗ ಮಾತ್ರ ಬೇಕು.

“ಅಣ್ಣನ ಮಗಳು ಫ್ರೆಂಚ್ ಓದ್ತಾಳೆ, ಅವಳನ್ನ ಕೇಳಿ ಅಂತ ಇದು ಹೇಳಿದೆಯಂತೆ,” ಅಂದರು ಅಪ್ಪ. “ಬೇಗ ಹೇಳು. ಇದು ಹೇಳೋದು ಸರಿಯಾ?”

ಸರಿ. ಫೋನು ಅಪ್ಪನ ಕೈಗೆ ಬರುವ ಮೊದಲೇ ನನಗೆ ಗೊತ್ತಿದ್ದ ವಿಷಯ ಅದು. ಜಗಲಿಯಲ್ಲಿ ಹತ್ತಾರು ಸಲ ಅತ್ತೆಯ ಬಾಯಿಂದಲೇ ಕೇಳಿದ್ದೆ. ಆದರೆ ಅಪ್ಪ ಉತ್ತರ ಪತ್ರಿಕೆ ದೀಪಕ್ಕೆ ಹಿಡಿದದ್ದು, ಅವ್ವ ನಕ್ಕದ್ದು ಎಲ್ಲವೂ ಒಟ್ಟಿಗೇ ನೆನಪಿಗೆ ಬಂತು.

“ನಂಗೆ ಗೊತ್ತಿಲ್ಲ ಅಪ್ಪಾ,” ಅಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. “ಅದಕ್ಕೇನು ಗೊತ್ತು ಫ್ರೆಂಚು? ಸುಮ್ಮ ಏನೋ ಹೇಳುತ್ತೆ ಅದು.”

ಅಪ್ಪನ ಅಂಗೈ ಅಷ್ಟರಲ್ಲಿ ಫೋನಿನಿಂದ ಸರಿದಿತ್ತು. ಮ್ಯಾನೇಜರಿಗೆ ಕನ್ನಡ ಬಾರದು. ಆದರೆ ಆತನ ಫೋನು ಸ್ಪೀಕರಿನಲ್ಲಿತ್ತು, ಪಕ್ಕದಲ್ಲೇ ಅತ್ತೆ ನಿಂತಿದ್ದಳು ಎಂದು ಆಮೇಲೆ ತಿಳಿಯಿತು. ಅಪ್ಪ ತಮಿಳಿನಲ್ಲಿ ಕ್ಷಮೆ ಕೇಳಿ, ನೀವು ನಿಮ್ಮ ಕೆಲಸ ನಡೆಸಿ ಎಂದು ಹೇಳಿ ಫೋನು ಇಟ್ಟರು. ಅತ್ತೆ ಎಂದಿನ ರೈಲಿಗೇ ಬಂದಳು. “ಬಂತು” ಅಂದಳು ಅವ್ವ. ಅತ್ತೆ ಕೈಕಾಲು ತೊಳೆದಳು, ಊಟ ಮಾಡಿದಳು, ತಟ್ಟೆ ತೊಳೆದಿಟ್ಟಳು. ಅಪ್ಪ, “ಕಂಪನಿಯಲ್ಲಿ ಎದುರು ಮಾತಾಡಬೇಡ” ಎಂದದ್ದಕ್ಕೆ “ಸರಿ ಅಣ್ಣ” ಎಂದಳು. ನನ್ನ ಕಡೆ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಆರರ ಗಾಡಿಗೆ ಹೋದ ಮೇಲೆ ನಾನು ಹಲ್ಲುಜ್ಜುತ್ತ ಜಗಲಿಯಲ್ಲಿ ನಿಂತಿದ್ದೆ. ಅಮ್ಮ ಬಾಗಿಲಿಗೆ ರಂಗೋಲಿ ಹಾಕಿ ಬಂದು ಕೈಯಲ್ಲಿದ್ದ ಪುಡಿ ತೊಳೆದುಕೊಂಡಳು.

“ರೋಬ್ ಹೆಣ್ಣಲ್ಲವಾ?” ಅಂದಳು.

ನನ್ನ ಬಾಯಿಯಲ್ಲಿ ನೊರೆ ತುಂಬಿತ್ತು. ಅಮ್ಮನ ಬಾಯಿಂದ ಒಂದು ಫ್ರೆಂಚ್ ಪದ ನಾನು ಅದುವರೆಗೆ ಕೇಳಿರಲಿಲ್ಲ.

“ನಾನೂ ಕೇಳ್ತಾ ಇದ್ದೆನಲ್ಲ ಇಷ್ಟು ದಿನ,” ಅಂದಳು ಅಮ್ಮ, ಕೋಪವಿಲ್ಲದೆ. “ಮೇಜು ಹೆಣ್ಣು, ಬಾಗಿಲು ಹೆಣ್ಣು, ಫ್ರಾಕು ಹೆಣ್ಣು. ಓದದೇ ಇರೋ ನಂಗೇ ಗೊತ್ತಾಯ್ತು. ನಿಂಗೆ ಗೊತ್ತಿಲ್ಲ ಅಂದ್ರೆ ಯಾರು ನಂಬ್ತಾರೆ? ಅಪ್ಪ ಕಾಫಿ ಕುಡಿತಿದಾರೆ. ಹೋಗಿ ಹೇಳು. ನಾನು ಹೇಳಲ್ಲ, ನೀನೇ ಹೇಳಬೇಕು.”

ಬಾಯಿ ತೊಳೆದು ಹೋದೆ. ಅಪ್ಪ ಪೂರ್ತಿ ಕೇಳಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕಾಫಿ ಲೋಟ ಕೆಳಗಿಟ್ಟರು. ನಕ್ಷೆಯಲ್ಲಿ ಕೂದಲೆಳೆಯಷ್ಟು ಗೀಟು ತಪ್ಪಿದರೆ ಇಡೀ ಎರಕವೇ ಹಾಳು ಎಂದು ಬದುಕಿದವರು. ತಪ್ಪು ಇದೆ ಎಂದು ಗೊತ್ತಿದ್ದೂ ಯಾರಾದರೂ ಅದನ್ನು ಮುಂದಕ್ಕೆ ಕಳಿಸುತ್ತಾರೆ ಅನ್ನುವುದು ಅವರಿಗೆ ನುಂಗಲಾಗದ ಸಂಗತಿ. “ಪುಸ್ತಕ ತಗೊ. ಹೊರಡು,” ಅಂದರು.

ಸ್ಕೂಟರಿನಲ್ಲಿ ಅಷ್ಟು ದೂರ ನಾವು ಹಿಂದೆಂದೂ ಹೋಗಿರಲಿಲ್ಲ. ಬೈಪಾಸ್ ಹಿಡಿದು ಅವಿನಾಶಿ ರಸ್ತೆಗೆ ಬಂದು, ಕರುಮತ್ತಂಪಟ್ಟಿಯಲ್ಲಿ ಟೀ ಕುಡಿಯಲು ನಿಂತೆವು. ಅಂಗಡಿಯ ಹಿಂದೆಯೇ ಮಗ್ಗದ ಶೆಡ್ಡು. ಹತ್ತಾರು ಪವರ್‌ಲೂಮುಗಳು ಒಟ್ಟಿಗೆ ಬಡಿಯುತ್ತಿದ್ದುದರಿಂದ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಅಪ್ಪ ಅಲ್ಲೇ ಕೇಳಿದರು.

“ಯಾಕೆ ಹಾಗಂದೆ?”

ನಾನು ಏನೋ ಗೊಣಗಿದೆ.

“ಕೇಳಿಸ್ತಿಲ್ಲ!”

“ಹೊಟ್ಟೆಕಿಚ್ಚು ಅಪ್ಪಾ!” ಎಂದು ಕೂಗಿದೆ. “ನನಗಿಂತ ಅತ್ತೆಗೆ ಜಾಸ್ತಿ ಬರುತ್ತೆ!”

ಟೀ ಅಂಗಡಿಯವನಿಗೆ ಕನ್ನಡ ತಿಳಿಯದಿದ್ದರೂ ನನ್ನ ಮುಖ ನೋಡಿ ಒಂದು ಬನ್ ಕೊಟ್ಟ. ಅಪ್ಪ ಅದನ್ನು ಮುರಿದು ಅರ್ಧ ನನಗೆ ಕೊಟ್ಟು ಅರ್ಧ ತಾವು ತಿಂದರು.

ಪ್ಯಾಕಿಂಗ್ ಹಾಲಿನಲ್ಲಿ ಉದ್ದುದ್ದ ಮೇಜುಗಳು, ಮೇಜಿನ ತುಂಬ ಗುಲಾಬಿ ಬಣ್ಣದ ಸಣ್ಣ ಫ್ರಾಕುಗಳು. ಟ್ಯಾಗ್ ಹಾಕಿ ಆಗಿತ್ತು, ಡಬ್ಬಗಳಿಗೆ ತುಂಬುತ್ತಿದ್ದರು. ಅತ್ತೆ ಮೂರನೆಯ ಮೇಜಿನಲ್ಲಿದ್ದಳು. ನಮ್ಮನ್ನು ನೋಡಿ ಗಾಬರಿಯಾಗಿ, “ಅವ್ವಂಗೆ ಏನಾಯ್ತು?” ಎಂದು ಓಡಿಬಂದಳು. ಅಪ್ಪ, “ಏನೂ ಆಗಿಲ್ಲ” ಎಂದು ಮ್ಯಾನೇಜರ ಕಡೆ ನಡೆದರು. ಆತ ಕೆಟ್ಟ ಮನುಷ್ಯನಲ್ಲ, ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು. ನಾನು ಪುಸ್ತಕ ತೆರೆದು ಪುಟ ತೋರಿಸಿದೆ. ಎಲ್ಲರೂ ಕೈ ನಿಲ್ಲಿಸಿ ನೋಡುತ್ತಿದ್ದರು. ಅತ್ತೆ ಹೇಳಿದ್ದು ಸರಿ, ನಿನ್ನೆ ನಾನು ಹೇಳಿದ್ದು ಸುಳ್ಳು ಎಂದು ತಮಿಳಿನಲ್ಲಿ ಹೇಳಿದೆ.

ಮೇಜಿನ ಆ ಕಡೆಯಿಂದ ನನಗಿಂತ ನಾಲ್ಕೈದು ವರ್ಷ ದೊಡ್ಡವಳಾದ ಒಬ್ಬ ಹುಡುಗಿ, “ಅವುಂಗ ನೇತ್ತೇ ಸೊನ್ನಾಂಗ ಸಾರ್” ಅಂದಳು. ಅವರು ನಿನ್ನೆಯೇ ಹೇಳಿದರು. ಇನ್ನೊಬ್ಬಳು ಸೇರಿಸಿದಳು, “ಅಂಬಿಕಾಕ್ಕಾ ಸೊನ್ನಾಂಗನ್ನಾ ಸರಿಯಾ ಇರುಕ್ಕುಂಗ.” ಅಂಬಿಕಕ್ಕ ಹೇಳಿದರು ಅಂದರೆ ಸರಿಯೇ ಇರುತ್ತದೆ. ಮ್ಯಾನೇಜರೂ ಅಷ್ಟೇ, “ಅವುಂಗ” ಅನ್ನದೆ ಅತ್ತೆಯ ಮಾತೆತ್ತಲಿಲ್ಲ. ಕೊಯಮತ್ತೂರು ಸೀಮೆಯ ತಮಿಳರು ಮಾತಿಗೆ ಮಾತಿಗೆ ‘ಂಗ’ ಸೇರಿಸಿ ಬಹುವಚನ ಕೊಡುವವರು. ಅದು ನನಗೆ ಹುಟ್ಟಿನಿಂದ ಗೊತ್ತಿದ್ದದ್ದೇ. ಆದರೆ ಅಂಬಿಕಾ ಅತ್ತೆ ದಿನಕ್ಕೆ ಹನ್ನೆರಡು ಗಂಟೆ ಹೊರಗೆ ‘ಅವರು’ ಆಗಿದ್ದು, ರೈಲು ಇಳಿದು ನಮ್ಮ ಹೊಸ್ತಿಲು ದಾಟಿದ ಮೇಲೆ ‘ಅದು’ ಆಗುತ್ತಿದ್ದಳು ಎಂದು ಆ ಹಾಲಿನಲ್ಲಿ ನಿಂತಾಗಲೇ ನನಗೆ ಹೊಳೆದದ್ದು. ಅಪ್ಪನ ಕಡೆ ನೋಡಿದೆ. ಅವರು ತಲೆ ತಗ್ಗಿಸಿ, ಒಂದು ಟ್ಯಾಗನ್ನು ಬೆರಳಲ್ಲಿ ತಿರುಗಿಸುತ್ತಿದ್ದರು.

ಮ್ಯಾನೇಜರು ಟ್ಯಾಗಿನ ಚಿತ್ರ ತೆಗೆದು ಚೆನ್ನೈನಲ್ಲಿದ್ದ ಖರೀದಿದಾರರ ಆಫೀಸಿಗೆ ಮೇಲ್ ಕಳಿಸಿದರು. ಊಟದ ಹೊತ್ತಿಗೆ ಉತ್ತರ ಬಂತು: ತಪ್ಪು ನಿಜ, ಬದಲಿಸಿ, ಎರಡು ದಿನ ತಡವಾದರೆ ಅಡ್ಡಿಯಿಲ್ಲ. ಹಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ಕತ್ತರಿ ಹಿಡಿದು ಕೂತೆವು. ಅಪ್ಪ ಕೂಡ. ಫ್ರಾಕಿಗೆ ತೂತಾಗದಂತೆ ಟ್ಯಾಗಿನ ಪ್ಲಾಸ್ಟಿಕ್ ಎಳೆ ಕತ್ತರಿಸಬೇಕು. ನಾನು ಅತ್ತೆಯ ಮೇಜಿನಲ್ಲೇ ಜಾಗ ಮಾಡಿಕೊಂಡು ಕೂತು ಸಂಜೆಯವರೆಗೆ ಕತ್ತರಿಸಿದೆ. ಅತ್ತೆ ಒಂದೇ ಒಂದು ಮಾತಾಡಿದಳು.

“ನೀವು ಆ ಕತ್ತರಿ ಬಿಡಿ, ಇದು ಹರಿತ ಇದೆ, ಇದನ್ನ ತಗೊಳ್ಳಿ.”

ನೀವು. ತಗೊಳ್ಳಿ. ಹುಟ್ಟಿದಾಗಿನಿಂದ ಎತ್ತಿ ಆಡಿಸಿದವಳು ನನಗೆ ಬಹುವಚನ ಹಾಕಿದ್ದಳು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಮನೆಯಲ್ಲೂ ಅದೇ ಮುಂದುವರಿಯಿತು. “ನಿಮ್ಮ ಊಟ ಆಯ್ತಾ?” “ನಿಮ್ಮ ಸ್ಕೂಲ್ ಬ್ಯಾಗ್ ದಾರೀಲಿದೆ, ತೆಗೀರಿ.” ಧ್ವನಿಯಲ್ಲಿ ಸಿಟ್ಟಿನ ಸುಳಿವಿಲ್ಲ. ಪಕ್ಕದ ಮನೆಯವರ ಜೊತೆ ಮಾತಾಡುವ ಹಾಗೆ. ಅಮ್ಮನಿಗೆ ಕೇಳಿಸುತ್ತಿತ್ತು, ಅವಳು ನಡುವೆ ಬರಲಿಲ್ಲ. ಅಪ್ಪ ತಮ್ಮ ಮಟ್ಟಿಗೆ ಒಂದು ಬದಲಾವಣೆ ಮಾಡಿಕೊಂಡರು. ತಿರುಪ್ಪೂರಿಗೆ ಹೋಗಿಬಂದ ಮರುದಿನ ತಟ್ಟೆ ಹಾಕಿದ ಅಮ್ಮನಿಗೆ, “ಅಂಬಿಕಾ ಬರಲಿ, ಜೊತೆಗೆ ತಿಂತೀನಿ” ಅಂದರು. ಅವ್ವ ಕಣ್ಣು ಬಿಟ್ಟು ನೋಡಿದಳು. ಅಂದಿನಿಂದ ನಮ್ಮ ಮನೆಯ ಊಟ ಎಂಟು ಗಂಟೆಗೆ ಹೋಯಿತು. ಅಪ್ಪನಿಗೆ ಹಸಿವು ತಡೆಯುತ್ತಿರಲಿಲ್ಲ, ಕಾಯುವಷ್ಟು ಹೊತ್ತು ಅಡುಗೆಮನೆಗೂ ನಡುಮನೆಗೂ ಓಡಾಡುತ್ತ ಕಡಲೆಕಾಯಿ ತಿನ್ನುತ್ತಿದ್ದರು.

ನಾನು ನನಗೆ ತೋಚಿದ ಪ್ರಾಯಶ್ಚಿತ್ತ ಮಾಡಲು ಹೋದೆ. ಒಂದು ಸಂಜೆ ಅತ್ತೆಯ ಚಪ್ಪಲಿ ಸದ್ದಾಗಿ ಅವ್ವ “ಬಂತು” ಅಂದ ಕೂಡಲೆ, “ಬಂದಳು ಅನ್ನವ್ವ. ಇಲ್ಲಾ ಬಂದರು ಅನ್ನು. ಅತ್ತೆ ಏನು ದನವಾ ಕರುವಾ?” ಎಂದು ಜೋರಾಗಿ ಹೇಳಿದೆ, ಬಾಗಿಲಿಗೆ ಕೇಳಿಸುವಂತೆಯೇ. ಅವ್ವ ಪೆಚ್ಚಾದಳು. ಎಪ್ಪತ್ತು ದಾಟಿದ ಮುಖ ಮಗುವಿನಂತಾಯಿತು. “ಅದು ನನ್ನ ಕೂಸು, ನಾನೇನಂದೆ ಈಗ?” ಅಂದಳು. ಅತ್ತೆ ನನ್ನನ್ನು ದಾಟಿ ಹೋಗಿ ಮಂಚದ ಅಂಚಿಗೆ ಕೂತು ಅವ್ವನ ಕಾಲು ಒತ್ತಿದಳು.

“ಅವ್ವಾ, ನೀನು ಅನ್ನೋ ಹಂಗೇ ಅನ್ನು. ನಿನ್ನ ಬಾಯಲ್ಲಿ ಅದು ಸರಿ.”

ಯಾರ ಬಾಯಲ್ಲಿ ಸರಿಯಲ್ಲ ಎಂದು ಹೇಳಲಿಲ್ಲ. ನಾನು ಅಡುಗೆಮನೆಗೆ ಹೋಗಿ ಅಮ್ಮನ ಬೆನ್ನಿಗೆ ಮುಖ ಇಟ್ಟು ಅಳತೊಡಗಿದೆ. ಅಮ್ಮ ಸಂತಗೆ, ಅಂದರೆ ಅಕ್ಕಿ ಶಾವಿಗೆ, ಒತ್ತುತ್ತಿದ್ದಳು. ಒರಳಿನ ಹಿಡಿ ಬಿಡದೆ, “ನಿಂಗೆ ಬೇಕಾದಾಗ ಬದಲಾಗಲ್ಲ ಅದು, ಅದಕ್ಕೆ ಬೇಕಾದಾಗ ಆಗುತ್ತೆ, ತಡಿ” ಅಂದಳು.

ಎಷ್ಟು ವಾರ ಹೋದವೋ ನೆನಪಿಲ್ಲ. ಪೊಂಗಲ್ ಕಳೆದಿತ್ತು ಅನ್ನುವುದು ಗೊತ್ತು, ಯಾಕೆಂದರೆ ಜಗಲಿಯಲ್ಲಿ ಕಬ್ಬಿನ ಸಿಪ್ಪೆ ಇನ್ನೂ ಬಿದ್ದಿತ್ತು. ಒಂದು ಭಾನುವಾರ ಬೆಳಿಗ್ಗೆ ನಾನು ಕೋಣೆಯಲ್ಲಿ ಓದುತ್ತಿದ್ದೆ. ಹಿಂದಿನಿಂದ ಅತ್ತೆಯ ಧ್ವನಿ ಬಂತು, ಅಮ್ಮನನ್ನು ಕೇಳುತ್ತಿದ್ದಳು.

“ಅದು ಎಲ್ಲೋಯ್ತು ಅತ್ತಿಗೆ?”

“ಒಳಗೆ ಓದ್ತಾ ಇದೆ.”

“ಬರಾಕೆ ಹೇಳಿ. ತಲೆ ಬಾಚಿಕೊಂಡು ಸೀಗ್ರ ಬರಲಿ, ಉಕ್ಕಡಕ್ಕೆ ಹೋಗಬೇಕು.”

ನಾನು ಪುಸ್ತಕ ಮುಚ್ಚದೆಯೇ ಬಾಚಣಿಗೆ ಹುಡುಕಲು ಎದ್ದೆ. ಹೊರಗೆ ಬಂದಾಗ ಅತ್ತೆ ಸೀರೆ ಸೆರಗು ಸರಿಪಡಿಸಿಕೊಳ್ಳುತ್ತಿದ್ದಳು. ಏನೂ ನಡೆದೇ ಇಲ್ಲದವಳಂತೆ, “ಇಷ್ಟೊತ್ತು ಬೇಕಾ ಡೀ ನಿಂಗೆ?” ಅಂದಳು. ಬಸ್ಸಿನಲ್ಲಿ ವಿಷಯ ಹೇಳಿದಳು. ಮ್ಯಾನೇಜರು ಇನ್ನು ಮುಂದೆ ಫ್ರಾನ್ಸಿನ ಮಾಲಿನ ಟ್ಯಾಗು, ಲೇಬಲ್ ಎಲ್ಲ ಪ್ರೆಸ್ಸಿಗೆ ಹೋಗುವ ಮೊದಲು ಅವಳೇ ನೋಡಬೇಕು ಎಂದಿದ್ದಾರೆ, ಅವಳಿಗೆ ಪಠ್ಯಪುಸ್ತಕದ ಪಟ್ಟಿ ಸಾಲದು, ನಿಘಂಟು ಬೇಕು. ಆ ದಿನ ಫೋನಿನಲ್ಲಿ ನಾನಂದ ಮಾತಿನ ಬಗ್ಗೆ ಆಗಲೂ ಮಾತಾಡಲಿಲ್ಲ, ಇವತ್ತಿನವರೆಗೂ ಮಾತಾಡಿಲ್ಲ. ನಾನಾಗಿ ಎತ್ತಿದರೆ, “ಏನೋ ಚಿಕ್ಕ ಕೂಸು ಆಗ” ಎಂದು ಬೇರೆ ಕೆಲಸಕ್ಕೆ ಏಳುತ್ತಾಳೆ.

ಉಕ್ಕಡದ ಹಳೇ ಪುಸ್ತಕದ ಅಂಗಡಿಗಳಲ್ಲಿ ನಾಲ್ಕನೆಯದರಲ್ಲಿ ಒಂದು ಫ್ರೆಂಚ್–ಇಂಗ್ಲಿಷ್ ನಿಘಂಟು ಸಿಕ್ಕಿತು. ರಟ್ಟು ಕಿತ್ತಿತ್ತು, ಒಳಗಿನ ಪುಟಗಳು ಗಟ್ಟಿಯಾಗಿದ್ದವು. ಅಂಗಡಿಯವನು ಅದರ ಧೂಳು ಕೊಡವಿ, ಜಡೆ ಹಾಕಿ ಶಾಲೆಯ ಬ್ಯಾಗು ತಗುಲಿಸಿಕೊಂಡಿದ್ದ ನನ್ನ ಕಡೆ ಚಾಚಿದ.

“ಎನಕ್ಕಿಲ್ಲೀಂಗ,” ಅಂದೆ ನಾನು. ನನಗಲ್ಲ. “ಅವುಂಗಳುಕ್ಕು.” ಅವರಿಗೆ.

ಅವನು ಕೈ ಬದಲಿಸಿದ. ಅತ್ತೆ ಎರಡೂ ಕೈಯಲ್ಲಿ ತೆಗೆದುಕೊಂಡು, ಬೆಲೆ ಜಾಸ್ತಿಯಾಯಿತು ಎಂದು ಹಟ ಹಿಡಿದು ಇಳಿಸಿ, ಪುಸ್ತಕವನ್ನು ಬ್ಯಾಗಿಗೆ ಹಾಕದೆ ಎದೆಗೆ ಹಿಡಿದುಕೊಂಡೇ ನಡೆದಳು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ತೆರೆದಳು. ಅಕ್ಷರಗಳು ತೀರ ಸಣ್ಣವು, ಬಸ್ಸು ಕುಲುಕುತ್ತಿತ್ತು. ಒಂದು ಬೆರಳನ್ನು ಸಾಲಿನ ಕೆಳಗೆ ಇಟ್ಟು, ತುಟಿ ಅಲ್ಲಾಡಿಸುತ್ತ, ಮೊದಲ ಪುಟದಿಂದಲೇ ಓದತೊಡಗಿದಳು. ಪದದ ಮುಂದೆ ಗಂಡು ಹೆಣ್ಣಿಗೆ ಹಾಕಿದ್ದ ಸಣ್ಣ ಗುರುತು ಕಂಡಾಗಲೆಲ್ಲ ತಲೆಯಾಡಿಸುವಳು, ಕೆಲವೊಮ್ಮೆ ಒಪ್ಪದವಳಂತೆ ಹುಬ್ಬು ಗಂಟಿಕ್ಕುವಳು. ನಮ್ಮ ನಿಲ್ದಾಣ ಬಂತು. ಕಂಡಕ್ಟರ್ ಕೂಗಿದ. ಅತ್ತೆಗೆ ಕೇಳಿಸಲಿಲ್ಲ. ನನಗೆ ಎಬ್ಬಿಸಲು ಮನಸ್ಸಾಗಲಿಲ್ಲ. ಬಸ್ಸು ಹೊರಟಿತು. ಇನ್ನೊಂದು ನಿಲ್ದಾಣ ಓದಿಕೊಳ್ಳಲಿ, ಅಲ್ಲಿಂದ ನಡೆದುಕೊಂಡು ಬಂದರಾಯಿತು ಎಂದು ಪಕ್ಕದಲ್ಲಿ ಸುಮ್ಮನೆ ಕೂತೆ.